ಪತ್ತನಾಜೆ (ಮೇ ಕೊನೆಗೆ, ಮಳೆಗಾಲದ ಮುಂಚೆ ಬರುವ ತುಳುನಾಡಿನ ದಿನ) ಹತ್ತಿರ ಬಂತು: ಹಳೆ ವಿಡಿಯೋ ಗೇಮ್ ಸೆಟ್, ಕ್ಯಾಸೆಟ್, ಡಬ್ಬ ಮಳೆಗಾಲಕ್ಕೆ ಇಡುವುದು ಹೇಗೆ?

ಮಲ್ಪೆ_ಮಾರಿಯೋ
ಮನೆ ಮಲ್ಪೆಯಲ್ಲಿ, ಕಡಲಿಗೆ ಹೆಚ್ಚು ದೂರ ಇಲ್ಲ. ಮಳೆ ಹಿಡಿಯುವ ಮೊದಲು ಭದ್ರ ಮಾಡಬೇಕಾದದ್ದು ಇಷ್ಟು: ಡಬ್ಬ, ಥರ್ಮೋಕೋಲ್ ಸಮೇತ ಸಾಮುರಾಯ್ ಸೆಟ್ (ನಿಂಟೆಂಡೋದ ಫ್ಯಾಮಿಕಾಮಿನ ನಕಲು) ಒಂದು, 60 ಪಿನ್ನಿನ ಹಳದಿ ಕ್ಯಾಸೆಟ್ ಒಂದು ರಾಶಿ, ಗೇಮ್‌ಬಾಯ್ ಅಡ್ವಾನ್ಸ್ ಮತ್ತು ಅದರ ಕ್ಯಾಸೆಟ್‌ಗಳು, ಗಲ್ಫ್‌ನಿಂದ ಬಂದ, ಕೈಯಲ್ಲಿ ಹಿಡಿದು ಆಡುವ ಸೆಗಾ ಗೇಮ್ ಗೇರ್, ಪಿಎಸ್ 1 ಡಿಸ್ಕ್, ಮ್ಯಾನ್ಯುವಲ್, ಎರಡು ಪೋಸ್ಟರ್.

ಪ್ರಶ್ನೆ ಇಷ್ಟೇ. ಗಾಳಿ ಹೋಗದ ಡಬ್ಬಕ್ಕೆ ಸಿಲಿಕಾ ಜೆಲ್ ಹಾಕಿ ದೀಪಾವಳಿವರೆಗೆ ಮುಚ್ಚಿಡುವುದಾ, ಇಲ್ಲ ಹೊರಗೇ ಇಟ್ಟು ವಾರಕ್ಕೊಮ್ಮೆ ಆನ್ ಮಾಡುವುದಾ? ಎರಡನ್ನೂ ಹೇಳುವವರು ಇದ್ದಾರೆ. ಜೆಲ್ ಎಷ್ಟು ಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ.

ಕದ್ರಿ_ಕಾರ್ಟ್ರಿಜ್
ಮುಚ್ಚಿಡಿ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊರಗಿಟ್ಟ ಯಾವುದೂ ನಮ್ಮ ಊರಲ್ಲಿ ನೆಟ್ಟಗೆ ಉಳಿಯುವುದಿಲ್ಲ.

ಕುಂದಾಪ್ರ_ಕಾಂಟ್ರಾ
ಅಕ್ಕಿ ಡಬ್ಬದೊಳಗೆ ಹಾಕಿಡಿ ಮರ್ರೆ. ಖರ್ಚಿಲ್ಲ.

ಬಿಜೈ_ಬಿಟ್
ಕುಚ್ಚಲಕ್ಕಿಯಾ ಬೆಳ್ತಿಗೆಯಾ? 😀 ಅಕ್ಕಿಯಲ್ಲೇ ನೂರಕ್ಕೆ 12-13 ಭಾಗ ನೀರು ಉಂಟು. ಅದು ನಿಮ್ಮ ಕ್ಯಾಸೆಟಿನ ತೇವ ಎಳೆಯುವುದು ಯಾವಾಗ? ಮೇಲಿಂದ ಅಕ್ಕಿಹುಡಿ ಸ್ಲಾಟಿನೊಳಗೆ, ಗುಗ್ಗುರು (ಅಕ್ಕಿಹುಳ) ಉಚಿತ.

ಸುರತ್ಕಲ್_ಸಿಆರ್‌ಟಿ
ಕದ್ರಿಯವರ ಮಾತು ಒಪ್ಪುವುದಿಲ್ಲ. ಮುಚ್ಚಿಟ್ಟ ಸೆಟ್ಟಿಗೇ ಒಳಗಿಂದ ಬೂಷ್ಟು ಹಿಡಿಯುವುದು. ಓಡುವ ಸೆಟ್ ಒಣಗಿಯೇ ಇರ್ತದೆ. ಸಾಮುರಾಯ್ ಥರದ ಸೆಟ್ಟಿನೊಳಗೆ 7805 ರೆಗ್ಯುಲೇಟರ್ ಉಂಟಲ್ಲ, 9 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದದ್ದೆಲ್ಲ ಬಿಸಿಯಾಗಿ ಹೋಗುವುದು. ವಾರಕ್ಕೆ ಒಂದು ಗಂಟೆ ಆಡಿದರೆ ಆ ಬಿಸಿಯೇ ಒಳಗಿನ ತೇವ ಓಡಿಸ್ತದೆ. ಕೆಪಾಸಿಟರಿಗೂ ನಡುನಡುವೆ ವೋಲ್ಟೇಜ್ ಸಿಕ್ಕಿದರೆ ಒಳ್ಳೆಯದು, ವರ್ಷಗಟ್ಟಲೆ ಸುಮ್ಮನೆ ಬಿದ್ದದ್ದೇ ಮೊದಲು ಕೈಕೊಡುವುದು.

ಕದ್ರಿ_ಕಾರ್ಟ್ರಿಜ್
ಮ್ಯಾನ್ಯುವಲ್ಲಿಗೂ 7805 ಕಟ್ಟುವುದಾ?

ಬಿಜೈ_ಬಿಟ್
ಜಗಳ ಬೇಡ, ನೀವಿಬ್ಬರೂ ಬೇರೆ ಬೇರೆ ವಸ್ತುವಿನ ವಿಷಯ ಮಾತಾಡ್ತಾ ಇದ್ದೀರಿ. ಯಂತ್ರ ಬೇರೆ, ಕಾಗದ ಬೇರೆ. ಎರಡನ್ನೂ ಒಂದೇ ಡಬ್ಬಕ್ಕೆ ಹಾಕುವುದರಲ್ಲೇ ಎಡವಟ್ಟು ಶುರುವಾಗುವುದು.

ಲೆಕ್ಕ ನೋಡಿ. 20 ಲೀಟರಿನ ಡಬ್ಬದ ಗಾಳಿಯಲ್ಲಿ ಎಷ್ಟು ನೀರಿರ್ತದೆ? 30 ಡಿಗ್ರಿ ಸೆಖೆಯಲ್ಲಿ, ಗಾಳಿ ಪೂರ್ತಿ ತೇವದಿಂದ ತುಂಬಿದ್ದರೂ ಅರ್ಧ ಗ್ರಾಮಿನ ಮೇಲೆ ಚೂರು. ಅದು ಏನೇನೂ ಅಲ್ಲ. ನೀರೆಲ್ಲ ಇರುವುದು ರಟ್ಟಿನ ಡಬ್ಬ, ಮ್ಯಾನ್ಯುವಲ್, ಪೋಸ್ಟರಿನೊಳಗೆ. ಗಾಳಿಯ ತೇವಾಂಶ ಶೇ. 85 ಇರುವಾಗ ಕಾಗದ ತನ್ನ ತೂಕದ ಶೇ. 12-13ರಷ್ಟು ನೀರು ಹಿಡಿದುಕೊಂಡಿರ್ತದೆ, ಶೇ. 50 ಇರುವಾಗ ಸುಮಾರು 7. ಅಂದರೆ ಒಂದು ಕಿಲೋ ಕಾಗದ ರಟ್ಟನ್ನು ಮಳೆ ಹಿಡಿದ ಮೇಲೆ ಹಾಗೇ ಡಬ್ಬಕ್ಕೆ ಹಾಕಿದರೆ 50-60 ಗ್ರಾಂ ನೀರು ಕಾಗದದಿಂದ ಡಬ್ಬದೊಳಗೇ ಬಿಡುಗಡೆ ಆಗಬೇಕು. ಸಿಲಿಕಾ ಜೆಲ್ ಶೇ. 50 ತೇವಾಂಶದಲ್ಲಿ ತನ್ನ ತೂಕದ ಕಾಲು ಭಾಗದಷ್ಟು ಹೀರ್ತದೆ. ಆದ್ದರಿಂದ ಕಿಲೋ ಕಾಗದಕ್ಕೆ 200ರಿಂದ 250 ಗ್ರಾಂ ಜೆಲ್. ಚಪ್ಪಲಿ ಡಬ್ಬದಲ್ಲಿ ಬರುವ ಆ ಎರಡು ಗ್ರಾಮಿನ ಪೊಟ್ಟಣ ಹತ್ತು ಹಾಕಿದರೂ ಪ್ರಯೋಜನ ಇಲ್ಲ.

ಅದಕ್ಕೇ ಮೊದಲು ಒಣಗಿಸಬೇಕು, ಆಮೇಲೆ ಮುಚ್ಚಬೇಕು. ಪತ್ತನಾಜೆಗಿಂತ ಮೊದಲೇ, ಎಸಿ ಇರುವ ಕೋಣೆಯಲ್ಲಿ ಡ್ರೈ ಮೋಡ್ ಹಾಕಿ, ಡಬ್ಬಗಳ ಮುಚ್ಚಳ ತೆರೆದು, ಮ್ಯಾನ್ಯುವಲ್ ನಿಲ್ಲಿಸಿ ಎರಡು ಮೂರು ದಿನ ಬಿಡಿ. ಬಿಸಿಲಿಗೆ ಹಾಕಬೇಡಿ, ಮುದ್ರಣದ ಬಣ್ಣ ಹೋಗ್ತದೆ, ರಟ್ಟು ಬಗ್ಗುತ್ತದೆ.

ಮಲ್ಪೆ_ಮಾರಿಯೋ
ಒಳಗೆ ಶೇ. 50 ಉಂಟಾ ಅಂತ ಗೊತ್ತಾಗುವುದು ಹೇಗೆ? ಆನ್‌ಲೈನಿನಲ್ಲಿ ಸಿಗುವ ಅಗ್ಗದ ಹೈಗ್ರೋಮೀಟರ್ ನಂಬಬಹುದಾ?

ಬಿಜೈ_ಬಿಟ್
ಪರೀಕ್ಷೆ ಮಾಡಿ ನಂಬಿ. ಸೋಡಾ ಬಾಟ್ಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಮುದ್ದೆ ಮಾಡಿ. ಕರಗಿ ನೀರಾಗಬಾರದು, ಚಂಡಿ (ಒದ್ದೆ) ಮರಳಿನ ಹಾಗೆ ಇರಬೇಕು. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ಮುಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 80 ತೋರಿಸಿದರೆ ನಿಮ್ಮ ಮೀಟರ್ 5 ಹೆಚ್ಚು ಹೇಳ್ತದೆ ಅಂತ ಅದರ ಬೆನ್ನಿಗೇ ಬರೆದಿಡಿ.

ಒಳಗೆ 45-55 ನಡುವೆ ನಿಂತರೆ ಸಾಕು. ಬೂಷ್ಟು ಶುರುವಾಗುವುದು 65-70 ದಾಟಿದ ಮೇಲೆ. 30ಕ್ಕಿಂತ ಕೆಳಗೆ ಎಳೆಯಬೇಡಿ, ಹಳೆ ಲೇಬಲಿನ ಅಂಟು ಒಣಗಿ ಅಂಚು ಏಳ್ತದೆ.

ಕಾಪು_ಕಂಟ್ರೋಲರ್
ಜೆಲ್ ತೆಗೊಳ್ಳುವಾಗ ಕಿತ್ತಳೆ ಬಣ್ಣದ್ದು ತೆಗೊಳ್ಳಿ, ನೀರು ಹೀರಿದ ಮೇಲೆ ಹಸಿರಾಗ್ತದೆ. ನೀಲಿಯಿಂದ ಗುಲಾಬಿಯಾಗುವುದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುವುದು, ಅದನ್ನು ಅಡುಗೆಮನೆಗೆ ತರಬಾರದು. ಹಸಿರಾದದ್ದನ್ನು ಸ್ಟೀಲ್ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಓವನಿನಲ್ಲಿ 110-120 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟರೆ ಮತ್ತೆ ಕಿತ್ತಳೆ. ಅದಕ್ಕಿಂತ ಬಿಸಿ ಮಾಡಿದರೆ ಬಣ್ಣ ಸುಟ್ಟು ಕಪ್ಪಾಗ್ತದೆ, ಮತ್ತೆ ಅದರ ಸೂಚನೆ ಸಿಗುವುದಿಲ್ಲ. ಬಿಸಿ ಇರುವಾಗಲೇ ಗಾಜಿನ ಭರಣಿಗೆ ತುಂಬಿ ಮುಚ್ಚಿ. ತಣಿಯಲಿ ಅಂತ ಜುಲೈಯಲ್ಲಿ ಮೇಜಿನ ಮೇಲೆ ಬಿಟ್ಟರೆ ತಣಿಯುವಷ್ಟರಲ್ಲಿ ಅರ್ಧ ನೀರು ವಾಪಸ್.

ಕುಂದಾಪ್ರ_ಕಾಂಟ್ರಾ
ಕಪಾಟಿನೊಳಗೆ ಝೀರೋ ಬಲ್ಬ್ ಹಾಕುವುದು ನಡೆಯುದಿಲ್ವಾ? ಹಳೇ ಫೋಟೋ ಸ್ಟುಡಿಯೋದವರು ಕ್ಯಾಮೆರಾಕ್ಕೆ ಹಾಗೇ ಮಾಡುದು ಕಾಣಿ.

ಬಿಜೈ_ಬಿಟ್
ನಡೀತದೆ, ಚೆನ್ನಾಗಿಯೇ ನಡೀತದೆ. ಒಳಗೆ ಹೊರಗಿಗಿಂತ 5 ಡಿಗ್ರಿ ಬಿಸಿಯಾದರೆ ಶೇ. 85 ಇದ್ದ ತೇವಾಂಶ 64ರ ಹತ್ತಿರ ಇಳೀತದೆ. ಆದರೆ ಹಳೇ ತಂತಿ ಬಲ್ಬೇ ಆಗಬೇಕು. ಝೀರೋ ಅಂತ ಹೆಸರಿದ್ದರೂ ಅದು 12-15 ವ್ಯಾಟ್ ತಿನ್ನುತ್ತದೆ, ಆ ಬಿಸಿಯೇ ನಮಗೆ ಬೇಕಾದದ್ದು. ಎಲ್ಇಡಿ ಝೀರೋ ಹಾಕಿದರೆ ಬೂಷ್ಟಿಗೆ ಬೆಳಕು ಸಿಗ್ತದೆ, ಅಷ್ಟೆ. ಬಲ್ಬಿಗೂ ರಟ್ಟಿನ ಡಬ್ಬಕ್ಕೂ ನಡುವೆ ಒಂದು ಗೇಣು ಜಾಗ ಬಿಡಿ.

ಬೋಳಾರ_ಬೆಸುಗೆ
ಎಲ್ಲರೂ ನೀರಿನ ಹಿಂದೆ ಬಿದ್ದಿದ್ದೀರಿ. ಉಪ್ಪಿನ ವಿಷಯ ಯಾರೂ ಎತ್ತಲಿಲ್ಲ.

ಮಲ್ಪೆಯಲ್ಲಿ ಗಾಳಿಯೇ ಉಪ್ಪು. ಅದು ಕ್ಯಾಸೆಟಿನ ಪಿನ್ನಿನ ಮೇಲೆ, ಸ್ಲಾಟಿನೊಳಗೆ ಧೂಳಿನ ಜತೆ ಕೂತಿರ್ತದೆ. ಬಿಜೈಯವರು ಹೇಳಿದ 75 ಉಂಟಲ್ಲ, ಆ ಅಂಕಿ ದಾಟಿದ ಕೂಡಲೇ ಉಪ್ಪು ಗಾಳಿಯ ನೀರನ್ನೇ ಎಳೆದು ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಮ್ ಕ್ಲೋರೈಡ್ ಬೇರೆ ಇರುವುದರಿಂದ 35ರ ಆಸುಪಾಸಿನಲ್ಲೇ ಚಂಡಿಯಾಗಲು ಶುರು. ಅಂದರೆ ಶೇ. 50ರ ಡಬ್ಬದೊಳಗೂ ಉಪ್ಪು ಇದ್ದ ಜಾಗದಲ್ಲಿ ಕಿಲುಬು ಏಳಬಹುದು. ತೊಳೆಯದೆ ಮುಚ್ಚಿಟ್ಟರೆ ಕಿಲುಬನ್ನೇ ಜೋಪಾನ ಮಾಡಿದ ಹಾಗೆ.

ಕದ್ರಿ_ಕಾರ್ಟ್ರಿಜ್
ಅದಕ್ಕೇನು, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದರೆ ಆಯ್ತು. ಎಲ್ಲ ಕಡೆ ಅದನ್ನೇ ಹೇಳುವುದು.

ಬೋಳಾರ_ಬೆಸುಗೆ
ಎಲ್ಲ ಕಡೆ ಹೇಳುವವರ ಮನೆ ಕಡಲ ಬದಿಯಲ್ಲಿ ಇಲ್ಲ. 99ರ ಆಲ್ಕೋಹಾಲಿನಲ್ಲಿ ಉಪ್ಪು ಕರಗುವುದೇ ಇಲ್ಲ ಮಾರ್ರೆ. ಜಿಡ್ಡು, ಕೈಯ ಎಣ್ಣೆ ಹೋಗ್ತದೆ, ಉಪ್ಪು ಅಲ್ಲಿಂದಲ್ಲಿಗೆ ಸರಿದು ಕೂರ್ತದೆ.

ಕ್ರಮ ಹೀಗೆ. ಇಯರ್ ಬಡ್ಡನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಹಿಂಡಿ, ಪಿನ್ನಿನ ಉದ್ದಕ್ಕೆ ಎಳೆಯಿರಿ. ಅಡ್ಡಕ್ಕೆ ತಿಕ್ಕಿದರೆ ಹತ್ತಿಯ ನೂಲು ಪಿನ್ನಿಗೆ ಸಿಕ್ಕಿಕೊಳ್ತದೆ. ಬಡ್ಡಿಗೆ ಕಪ್ಪು ಬರುವುದು ನಿಲ್ಲುವವರೆಗೆ ಬದಲಿಸುತ್ತಾ ಹೋಗಿ. ಆಮೇಲೆ 99ರ ಆಲ್ಕೋಹಾಲ್, ಅದು ಉಳಿದ ನೀರನ್ನು ಎಳೆದುಕೊಂಡು ಆರಿ ಹೋಗ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕಿನಲ್ಲೇ ಸಿಗ್ತದೆ. ಬಾವಿ ನೀರು ಬೇಡ, ನಳ್ಳಿ ನೀರೂ ಬೇಡ.

ಸುರತ್ಕಲ್_ಸಿಆರ್‌ಟಿ
ಬಿಳಿ ರಬ್ಬರ್ ಹಾಕಿ ಉಜ್ಜುವುದು?

ಬೋಳಾರ_ಬೆಸುಗೆ
ಒರಿಜಿನಲ್ ನಿಂಟೆಂಡೋ ಬೋರ್ಡಿಗೆ ಬೇಡವೇ ಬೇಡ, ಪಿನ್ನಿನ ಚಿನ್ನದ ಲೇಪ ತೆಳ್ಳಗೆ, ರಬ್ಬರ್ ಅದನ್ನೇ ಸವೆಸುವುದು. ಒಂದು ಸಲ ತಾಮ್ರ ಕಂಡರೆ ನಮ್ಮ ಹವೆಗೆ ಒಂದು ಮಳೆಗಾಲ ಸಾಕು. ಹಳದಿ ಕ್ಯಾಸೆಟ್ ಬಿಚ್ಚಿ ನೋಡಿದರೆ ಮಾಮೂಲಿ ಚಿಪ್ ಕಾಣುವುದೇ ಇಲ್ಲ, ಬೋರ್ಡಿನ ಮೇಲೆ ಕರಿ ಎಪಾಕ್ಸಿಯ ಒಂದು ಗುಳ್ಳೆ. ಅದರ ಪಿನ್ನಿನಲ್ಲಿ ಉಳಿಸುವಂಥ ಚಿನ್ನ ಹೆಚ್ಚೇನೂ ಇರುವುದಿಲ್ಲ. ಕಿಲುಬು ಗಟ್ಟಿಯಾಗಿ ಕೂತಿದ್ದರೆ ಅಲ್ಲಿ ಮಾತ್ರ ರಬ್ಬರ್, ಅದೂ ಕಡೆಯ ಉಪಾಯವಾಗಿ.

ಬಾಯಿಂದ ಊದುವುದನ್ನಂತೂ ಬಿಡಿ. ಊದಿದ್ದರಿಂದ ಸರಿಯಾದದ್ದಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಪಿನ್ ಬೇರೆ ಜಾಗಕ್ಕೆ ತಾಗಿ ಸರಿಯಾದದ್ದು. ಉಗುಳು ಉಚಿತವಾಗಿ ಒಳಗೆ ಹೋಗ್ತದೆ.

ಮಣಿಪಾಲ_ಮೆಗಾಡ್ರೈವ್
ಮಲ್ಪೆಯವರೇ, ಗೇಮ್ ಗೇರ್ ಅಂದಿರಲ್ಲ. ಅದಕ್ಕೆ ಕೆಪಾಸಿಟರ್ ಬದಲಾಯಿಸಿದ್ದಾ?

ಮಲ್ಪೆ_ಮಾರಿಯೋ
ಇಲ್ಲ. ಆನ್ ಆಗ್ತದೆ, ಚಿತ್ರ ಮಸುಕು, ಶಬ್ದ ತೀರಾ ಸಣ್ಣ.

ಮಣಿಪಾಲ_ಮೆಗಾಡ್ರೈವ್
ಹಾಗಾದರೆ ಅದನ್ನು ಯಾವ ಡಬ್ಬಕ್ಕೂ ಹಾಕಬೇಡಿ, ಮೊದಲು ರಿಪೇರಿ. 1990ರ ಆ ಮಾಡೆಲಿನಲ್ಲಿ ಮುಖ್ಯ ಬೋರ್ಡು, ಸೌಂಡ್ ಬೋರ್ಡು, ಪವರ್ ಬೋರ್ಡು ಮೂರರಲ್ಲೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸೋರುವುದು ಖಂಡಿತ. ಚಿತ್ರ ಮಸುಕು, ಶಬ್ದ ಸಣ್ಣ ಅಂದರೆ ಸೋರಿ ಆಗಿದೆ. ಆ ದ್ರವ ಸೆಟ್ ಬಂದ್ ಇದ್ದರೂ ತಾಮ್ರದ ಗೆರೆ ತಿನ್ನುತ್ತಲೇ ಇರ್ತದೆ. ಬಿಚ್ಚಿದಾಗ ಮೀನಿನ ವಾಸನೆ ಬಂದರೆ ಅನುಮಾನವೇ ಬೇಡ.

ಕುಂದಾಪ್ರ_ಕಾಂಟ್ರಾ
ಮಲ್ಪೆಯಲ್ಲಿ ಕೂತವರಿಗೆ ಮೀನಿನ ವಾಸನೆ ಬಂದ್ರೆ ಕೆಪಾಸಿಟರ್ ಅಂತ ಗೊತ್ತಾಪುದು ಹ್ಯಾಂಗೆ ಮರ್ರೆ 😂

ಮಣಿಪಾಲ_ಮೆಗಾಡ್ರೈವ್
ಬೆಸುಗೆ ಕಡ್ಡಿ ತಾಗಿಸಿ ನೋಡಿ, ಬಂಗುಡೆಗೂ ಅದಕ್ಕೂ ವ್ಯತ್ಯಾಸ ಗೊತ್ತಾಗ್ತದೆ. ಹಳೆ ಕೆಪಾಸಿಟರನ್ನು ತಿರುವಿ ಕೀಳಬೇಡಿ, ದ್ರವದಿಂದ ಪ್ಯಾಡ್ ಮೊದಲೇ ಸಡಿಲಾಗಿರ್ತದೆ, ಜತೆಗೇ ಕಿತ್ತು ಬರ್ತದೆ. ಎರಡೂ ಕಾಲಿಗೆ ಹೊಸ ಸೀಸ ಸೇರಿಸಿ, ಎರಡನ್ನೂ ಒಟ್ಟಿಗೆ ಕರಗಿಸಿ ಎತ್ತಿ. ಜಾಗವನ್ನು ಬಿಳಿ ವಿನೆಗರ್ ಹಚ್ಚಿದ ಬಡ್ಡಿನಿಂದ ಒರೆಸಿ, ನೀರು, ಆಮೇಲೆ ಆಲ್ಕೋಹಾಲ್. ಹೊಸತು ಕೂರಿಸುವಾಗ ಪ್ಲಸ್ ಮೈನಸ್ ಗುರುತನ್ನು ಎರಡು ಸಲ ನೋಡಿ. ಆರು ಪೆನ್‌ಸೆಲ್ ತೆಗೆದಿಡುವುದನ್ನು ಮರೆಯಬೇಡಿ.

ಕಾಪು_ಕಂಟ್ರೋಲರ್
ಸಾಮುರಾಯ್ ಡಬ್ಬದ ಥರ್ಮೋಕೋಲಿನ ಮೇಲೆ ಕಂಟ್ರೋಲರಿನ ವಯರ್ ಹಾಗೇ ಸುತ್ತಿಟ್ಟಿದ್ದೀರಾ? ಈಗಲೇ ಹೋಗಿ ನೋಡಿ. ಪಿವಿಸಿ ವಯರನ್ನು ಮೆತ್ತಗೆ ಇಡಲು ಹಾಕಿದ ಎಣ್ಣೆಯಂಥದ್ದು ನಿಧಾನಕ್ಕೆ ಹೊರಗೆ ಬಂದು ಥರ್ಮೋಕೋಲನ್ನು ಕರಗಿಸ್ತದೆ, ವಯರಿನ ಆಕಾರದಲ್ಲೇ ಚಾನೆಲ್ ಬೀಳ್ತದೆ. ಸೆಟ್ಟಿನ ಮೈಗೆ ತಾಗಿ ಸುತ್ತಿದರೆ ಪ್ಲಾಸ್ಟಿಕ್ಕಿನ ಮೇಲೂ ಅಳಿಯದ ಗೆರೆ. ವಯರನ್ನು ಪಾಲಿಥಿನ್ ಕವರಿಗೆ ಹಾಕಿ ಬೇರೆ ಇಡಿ. ರಬ್ಬರ್ ಬ್ಯಾಂಡ್ ಬೇಡ.

ಕದ್ರಿ_ಕಾರ್ಟ್ರಿಜ್
ಹುಳ, ಜಿರಳೆಗೆ ನುಸಿ ಗುಳಿಗೆ ಹಾಕಿದರೆ?

ಕಾಪು_ಕಂಟ್ರೋಲರ್
ಅದೂ ಥರ್ಮೋಕೋಲಿಗೆ ಶತ್ರುವೇ. ಸಿಡಿಯ ಗಟ್ಟಿ ಡಬ್ಬವೂ ಅದೇ ಜಾತಿಯ ಪ್ಲಾಸ್ಟಿಕ್ಕು, ಮುಚ್ಚಿದ ಜಾಗದಲ್ಲಿ ಗುಳಿಗೆಯ ಹಬೆಗೆ ಮಂಕಾಗಿ ಮೆತ್ತಗಾಗ್ತದೆ. ಡಬ್ಬದ ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್ ಸರಿ ಇದ್ದರೆ ಹುಳವೇ ಬರುವುದಿಲ್ಲ.

ಸುರತ್ಕಲ್_ಸಿಆರ್‌ಟಿ
ಸರಿ, ಕಾಗದ ಮುಚ್ಚಿಡಲಿ, ಒಪ್ಪಿದೆ. ಸೆಟ್ ಮಾತ್ರ ಓಡಿಸಬೇಕು ಅಂತಲೇ ನನ್ನ ವಾದ.

ಓಡಿಸುವವರು ಅಡಾಪ್ಟರ್ ನೋಡಿಕೊಳ್ಳಿ. ಫ್ಯಾಮಿಕಾಮ್ (ಜಪಾನಿನ ಮೂಲ ನಿಂಟೆಂಡೋ ಸೆಟ್) 10 ವೋಲ್ಟ್ ಡಿಸಿ, 850 ಮಿಲಿಆಂಪ್, ನಡುವಿನ ಪಿನ್ ಮೈನಸ್. ಅದರ ನಕಲು ಸೆಟ್ಟುಗಳು ಹೆಚ್ಚಾಗಿ 9 ವೋಲ್ಟಿನವು, ಪೊಲಾರಿಟಿಯನ್ನು ಮಲ್ಟಿಮೀಟರ್ ಹಿಡಿದೇ ನೋಡಬೇಕು. ಎನ್ಇಎಸ್ಸಿನ (ಅದೇ ಸೆಟ್ಟಿನ ಹೊರದೇಶದ ರೂಪ) ಅಡಾಪ್ಟರ್ 9 ವೋಲ್ಟ್ ಎಸಿ ಕೊಡುವುದು, ಅದನ್ನು ಫ್ಯಾಮಿಕಾಮಿಗೆ ಚುಚ್ಚಿದರೆ ಕಥೆ ಮುಗೀತು. ಸೆಗಾದ ಮೆಗಾಡ್ರೈವ್ ಒಂದನೇ ಮಾಡೆಲ್ ನಡುವೆ ಮೈನಸ್, ಎರಡನೇ ಮಾಡೆಲ್ ನಡುವೆ ಪ್ಲಸ್. ಜಪಾನ್ ಪಿಎಸ್ 1 100 ವೋಲ್ಟಿನದ್ದು, ನಮ್ಮ 230ಕ್ಕೆ ನೇರ ಹಾಕಿದರೆ ಫ್ಯೂಸು ಢಮಾರ್. ಗಲ್ಫ್ ಮಾಲು ಅಂದರೆ 230 ಅಂತ ನಂಬಬೇಡಿ, ಸೌದಿಯಲ್ಲಿ ಹಿಂದೆ 127 ವೋಲ್ಟಿನ ಕರೆಂಟೂ ಇತ್ತು. ಹಿಂದಿನ ಚೀಟಿ ಓದಿ.

ಬಿಜೈ_ಬಿಟ್
ಒಂದು ತಿದ್ದುಪಡಿ: ಮೇ ತಿಂಗಳ ಮತ್ತು ಅಕ್ಟೋಬರಿನ ಸಂಜೆ ಗುಡುಗಿಗೆ ಓಡಿಸಬೇಡಿ. ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ಗೂ ಟಿವಿಯ ಕೇಬಲ್ ವಯರೂ ಎರಡೂ ಕೈಗೆ ಬಂದಿರಬೇಕು. ಸಿಡಿಲು ಹೆಚ್ಚಾಗಿ ಕೇಬಲಿನಲ್ಲಿ ಬಂದು ಆರ್‌ಎಫ್ ಬಾಕ್ಸ್ (ಸೆಟ್ಟನ್ನು ಟಿವಿಯ ಆಂಟೆನಾ ಸಾಕೆಟ್ಟಿಗೆ ಜೋಡಿಸುವ ಪೆಟ್ಟಿಗೆ) ಸುಟ್ಟು ಹೋಗುವುದು.

ಮಲ್ಪೆ_ಮಾರಿಯೋ
ಪಿಕ್ಚರ್ ಟ್ಯೂಬಿನ ಹಳೇ ಟಿವಿಯೂ ಒಂದು ಉಂಟು. ಮಳೆ ಶುರುವಾದಾಗ ಆನ್ ಮಾಡಿದರೆ ಹಿಂದಿನಿಂದ ಚಟ ಚಟ ಅಂತದೆ.

ಸುರತ್ಕಲ್_ಸಿಆರ್‌ಟಿ
ಕೂಡಲೇ ಬಂದ್ ಮಾಡಿ. ಉಪ್ಪು ಧೂಳು ಚಂಡಿಯಾಗಿ ಫ್ಲೈಬ್ಯಾಕ್ (ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್) ಮತ್ತು ಟ್ಯೂಬಿನ ರಬ್ಬರ್ ಕಪ್ಪಿನ ಸುತ್ತ ಕಿಡಿ ಹಾರುವ ಶಬ್ದ ಅದು. ಅಲ್ಲಿ 20 ಸಾವಿರ ವೋಲ್ಟಿನ ಮೇಲೆ ಇರುವುದು, ಪ್ಲಗ್ ತೆಗೆದ ಮೇಲೂ ಟ್ಯೂಬ್ ಚಾರ್ಜ್ ಹಿಡಿದುಕೊಂಡಿರ್ತದೆ. ಡಿಸ್ಚಾರ್ಜ್ ಮಾಡಿ ಗೊತ್ತಿರುವ ಹಳೇ ಟಿವಿ ಮೆಕ್ಯಾನಿಕ್ಕಿನಿಂದಲೇ ಒರೆಸಿಸಿ. ಆಮೇಲೆ ಒಣ ಕೋಣೆಯಲ್ಲಿ ಒಂದು ದಿನ ಇಟ್ಟು ಆನ್ ಮಾಡಿ. ಗುಜರಿಗೆ ಮಾತ್ರ ಹಾಕಬೇಡಿ, ಬಂದೂಕಿನ ಆಟ ಅದರಲ್ಲೇ ಆಗುವುದು. ಟ್ಯೂಬಿನ ಗೆರೆ ಗೆರೆ ಬೆಳಕನ್ನು ಆ ಕ್ಷಣಕ್ಕೇ ನೋಡಿ ಬಂದೂಕು ಗುರಿ ಹೇಳುವುದು. ಎಲ್ಇಡಿ ಟಿವಿ ಚಿತ್ರವನ್ನು ತಡವಾಗಿ ಕೊಡ್ತದೆ, ಬಾತುಕೋಳಿ ಒಂದೂ ಬೀಳುವುದಿಲ್ಲ.

ಕುಂದಾಪ್ರ_ಕಾಂಟ್ರಾ
ವಿಷಯ ಬಿಟ್ಟು ಒಂದು. ಸಾಮುರಾಯ್ ಸೆಟ್ಟಿನಲ್ಲಿ ಕಾಂಟ್ರಾ ಆಟ ನಿಧಾನ, ಯೂಟ್ಯೂಬಿನಲ್ಲಿ ಕಂಡ್ರೆ ಜೋರು. ಕ್ಯಾಸೆಟ್ ಡೂಪ್ಲಿಕೇಟ್ ಅಂತಲೋ?

ಬಿಜೈ_ಬಿಟ್
ಕ್ಯಾಸೆಟ್ ಡೂಪ್ಲಿಕೇಟೇ, ಆದರೆ ನಿಧಾನಕ್ಕೆ ಕಾರಣ ಅದಲ್ಲ. ಜಪಾನ್, ಅಮೆರಿಕದ ಸೆಟ್ ಸೆಕೆಂಡಿಗೆ 60 ಚಿತ್ರ, ನಮ್ಮ ಪಾಲ್ ಪದ್ಧತಿಯ ಟಿವಿಗೆ ಮಾಡಿದ ಸೆಟ್ 50. ಆರರಲ್ಲಿ ಒಂದು ಪಾಲು ವೇಗ ಹೋಯ್ತು. ಈ ನಕಲು ಸೆಟ್ಟುಗಳ ಚಿಪ್ಪಿನ ಗಡಿಯಾರ ಮಾತ್ರ 1.77 ಮೆಗಾಹರ್ಟ್ಸ್, ಮೂಲದ 1.79ಕ್ಕೆ ತೀರಾ ಹತ್ತಿರ. ಹಾಗಾಗಿ ಹಾಡಿನ ಶ್ರುತಿ ಹೆಚ್ಚುಕಮ್ಮಿ ಅದೇ, ತಾಳ ಮಾತ್ರ ನಿಧಾನ. ನಮ್ಮ ಕಿವಿಗೆ ಆ ನಿಧಾನದ್ದೇ ಅಸಲಿ, ಯಾರು ಏನೇ ಹೇಳಲಿ.

ಮಲ್ಪೆ_ಮಾರಿಯೋ
ಗೇಮ್‌ಬಾಯ್ ಕ್ಯಾಸೆಟಿನ ಒಳಗಿನ ಬ್ಯಾಟರಿ ತೆಗೆದಿಡಬೇಕಾ? ಸೆಟ್ ಹಳದಿಯಾದದ್ದಕ್ಕೂ ಏನಾದರೂ ಮಾಡಬಹುದಾ ಮಳೆಗೆ ಮೊದಲು?

ಬೋಳಾರ_ಬೆಸುಗೆ
ಅಡ್ವಾನ್ಸಿನ ಪೋಕೆಮಾನ್ ರೂಬಿ, ಸಫೈರ್‌ನಲ್ಲಿ ಸಿಆರ್ 1616 ಇರುವುದು ಗಡಿಯಾರಕ್ಕೆ ಮಾತ್ರ, ಸೇವ್ ಇರುವುದು ಬ್ಯಾಟರಿ ಬೇಡದ ಫ್ಲ್ಯಾಶ್ ಮೆಮೊರಿಯಲ್ಲಿ. ತೆಗೆದರೂ ಆಟ ಎಲ್ಲಿಯೂ ಹೋಗುವುದಿಲ್ಲ. ಹಳೇ ಗೇಮ್‌ಬಾಯ್‌ನ ಗೋಲ್ಡ್, ಸಿಲ್ವರ್‌ನಲ್ಲಿ ಸಿಆರ್ 2025, ಅಲ್ಲಿ ಬ್ಯಾಟರಿ ತೆಗೆದರೆ ಸೇವೂ ಹೋಯ್ತು. ಮೊದಲು ಕಾರ್ಟ್ರಿಜ್ ರೀಡರಿನಲ್ಲಿ ಸೇವ್ ಇಳಿಸಿಕೊಳ್ಳಿ. ವೋಲ್ಟ್ 2.8ಕ್ಕಿಂತ ಕೆಳಗೆ ಬಂದಿದ್ದರೆ ಬದಲಿಸಿ. ಪಟ್ಟಿ ಬೆಸೆದೇ ಬರುವ ಬ್ಯಾಟರಿ ತೆಗೊಳ್ಳಿ, ಬರೀ ಸೆಲ್ಲಿಗೆ ನೇರ ಕಡ್ಡಿ ಹಿಡಿದರೆ ಅದು ಉಬ್ಬಿ ಒಡೀಬಹುದು. ಗೇಮ್‌ಬಾಯ್ ಕ್ಯಾಸೆಟಿಗೆ 3.8 ಎಂಎಂ ಗೇಮ್‌ಬಿಟ್ ಸ್ಕ್ರೂಡ್ರೈವರ್, ಅಡ್ವಾನ್ಸಿನದ್ದಕ್ಕೆ ಮೂರು ಕವಲಿನ ಬಿಟ್.

ಮಣಿಪಾಲ_ಮೆಗಾಡ್ರೈವ್
ಹಳದಿ ತೆಗೆಯುವುದಾದರೆ ಬಿಸಿಲು ಇರುವಾಗಲೇ, ಜೂನ್ ಬಂದರೆ ಮತ್ತೆ ಫೆಬ್ರವರಿ. ಸೆಟ್ ಪೂರ್ತಿ ಬಿಚ್ಚಿ, ಬರೀ ಪ್ಲಾಸ್ಟಿಕ್ ಕವಚವನ್ನು ಸೋಪಿನಲ್ಲಿ ತೊಳೆಯಿರಿ. ಮೆಡಿಕಲ್ಲಿನಲ್ಲಿ 20 ವಾಲ್ಯೂಮ್ ಅಂತ ಸಿಗುವುದು ಶೇ. 6ರ ಹೈಡ್ರೋಜನ್ ಪೆರಾಕ್ಸೈಡ್. ಪಾರದರ್ಶಕ ಟಬ್ಬಿನಲ್ಲಿ ಕವಚ ಪೂರ್ತಿ ಮುಳುಗುವಷ್ಟು ಹಾಕಿ ಬಿಸಿಲಿಗಿಡಿ, ಗಂಟೆಗೊಮ್ಮೆ ತಿರುಗಿಸಿ. ಕ್ರೀಮ್ ಹಚ್ಚಿ ಪ್ಲಾಸ್ಟಿಕ್ ಸುತ್ತುವ ವಿಧಾನದಲ್ಲಿ ಒಣಗಿದ ಜಾಗ ಬೇರೆ ಬಣ್ಣ ಬಂದು ಪಟ್ಟೆಪಟ್ಟೆಯಾಗ್ತದೆ, ಆ ಪಟ್ಟೆ ತೆಗೆಯುವುದು ಹಳದಿಗಿಂತ ಕಷ್ಟ. ಟಬ್ಬಿಗೆ ಗಟ್ಟಿ ಮುಚ್ಚಳ ಹಾಕಬೇಡಿ, ಗ್ಯಾಸು ತುಂಬಿ ಹಾರ್ತದೆ. ಗ್ಲೌಸು, ಕನ್ನಡಕ ಬೇಕೇ ಬೇಕು.

ಕದ್ರಿ_ಕಾರ್ಟ್ರಿಜ್
ಹಳದಿ ಹಾಗೇ ಇರಲಿ. ಅದು ಮತ್ತೆ ಬಂದೇ ಬರ್ತದೆ, ಸುಮ್ಮನೆ ಪ್ಲಾಸ್ಟಿಕ್ಕಿಗೆ ಶಿಕ್ಷೆ. ಪೋಸ್ಟರನ್ನೂ ಲ್ಯಾಮಿನೇಟ್ ಮಾಡಿಸಬೇಡಿ ದಯವಿಟ್ಟು, ಬಿಸಿ ಅಂಟು ಒಮ್ಮೆ ಹಿಡಿದರೆ ಬಿಡಿಸಲಿಕ್ಕಿಲ್ಲ, ತೇವ ಒಳಗಿದ್ದರೆ ಅಲ್ಲಿಯೇ ಕಲೆ. ಸುರುಳಿ ಸುತ್ತಿ ಪಾಲಿಯೆಸ್ಟರ್ ಹಾಳೆಯೊಳಗೆ ಹಾಕಿ.

ಮಣಿಪಾಲ_ಮೆಗಾಡ್ರೈವ್
ಪೋಸ್ಟರಿನ ವಿಷಯದಲ್ಲಿ ಒಪ್ಪಿದೆ, ಹಳದಿಯ ವಿಷಯದಲ್ಲಿ ಇಲ್ಲ.

ಕಾಪು_ಕಂಟ್ರೋಲರ್
ಡಿಸ್ಕಿನ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಬೂಷ್ಟಿನ ಚುಕ್ಕೆ ಇದ್ದರೆ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ಸೋಪ್ ಒಂದು ಹನಿ ಹಾಕಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಒರೆಸಿ, ಸುತ್ತು ಸುತ್ತು ಬೇಡ. ಒಣಗಿದ ಮೇಲೆ ನಿಲ್ಲಿಸಿಡಿ. ಬರೆದ ಕಾಪಿ ಸಿಡಿಗಳಿದ್ದರೆ ಈಗಲೇ ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಿ, ಅವುಗಳ ಬಣ್ಣದ ಪದರ ಒರಿಜಿನಲ್ಲಿನಷ್ಟು ಬಾಳುವುದಿಲ್ಲ.

ಮಲ್ಪೆ_ಮಾರಿಯೋ
ಆಯ್ತು, ಕಾಗದಕ್ಕೆ ಒಂದು ಡಬ್ಬ, ತೊಳೆದ ಕ್ಯಾಸೆಟಿಗೆ ಒಂದು, ಸೆಟ್ ಬಲ್ಬಿನ ಕಪಾಟಿಗೆ, ಗೇಮ್ ಗೇರ್ ರಿಪೇರಿಗೆ. ಹೊಸದಾಗಿ 2001ರ ಮಾಡೆಲಿನ ಎಕ್ಸ್‌ಬಾಕ್ಸ್ ಒಂದು ಬರುವುದುಂಟು, ಅದಕ್ಕೇನಾದರೂ?

ಮಣಿಪಾಲ_ಮೆಗಾಡ್ರೈವ್
ಬಂದ ದಿನವೇ ಬಿಚ್ಚಿ ಗಡಿಯಾರದ ಕೆಪಾಸಿಟರ್ ತೆಗೆಯಿರಿ. 1 ಫ್ಯಾರಡ್, 2.5 ವೋಲ್ಟಿನದ್ದು, ಅದೂ ಸೋರುವ ಜಾತಿಯೇ. ತೆಗೆದರೆ ಪ್ಲಗ್ ತೆಗೆದಾಗೆಲ್ಲ ಟೈಮ್ ಮತ್ತೆ ಹಾಕಬೇಕು, ಬೇರೆ ನಷ್ಟ ಇಲ್ಲ. 1.6 ಆವೃತ್ತಿ ಆದರೆ ಮುಟ್ಟಬೇಡಿ, ಅದರಲ್ಲಿ ತೆಗೆದರೆ ಸೆಟ್ಟೇ ಆನ್ ಆಗ್ಲಿಕ್ಕಿಲ್ಲ.